ಮೂರನೆಯ ಪರದೆ

ಹೊಸ ಕಂಪ್ಯೂಟರ್ ಮನೆಗೆ ಬಂದ ದಿನ ನಾನು ಅದನ್ನು ಮಸಾಲೆ ಡಬ್ಬಿ ಎಂದುಕೊಂಡೆ. ಮಗಳು ಪೊಟ್ಟಣ ಬಿಚ್ಚಿ ಊಟದ ಮೇಜಿನ ಮೇಲೆ ಇಟ್ಟಿದ್ದಳು. ಚೌಕಾಕಾರದ, ಗಿಡ್ಡನೆಯ ಕಪ್ಪು ಡಬ್ಬಿ. ಸಾಸಿವೆ ಜೀರಿಗೆ ಹಾಕಿಡಲು ಚೆನ್ನಾಗಿದೆ ಎಂದು ಕೈಗೆತ್ತಿಕೊಂಡು ಮುಚ್ಚಳ ಹುಡುಕಿದೆ. "ಅಮ್ಮಾ, ಅದು ಕಂಪ್ಯೂಟರ್, ಮೆಲ್ಲಗೆ ಇಡು" ಎಂದು ಅವಳು ಒಳಗಿನಿಂದಲೇ ಕೂಗಿಕೊಂಡಳು.

ನನ್ನಂಥವಳು ಹಾಗೆ ತಪ್ಪು ತಿಳಿದರೆ ಆಶ್ಚರ್ಯವೇನಿಲ್ಲ. ನಮ್ಮ ಶಾಲೆಗೆ ಮೊದಲ ಸಲ ಕಂಪ್ಯೂಟರ್ ಬಂದಾಗ ಅದಕ್ಕೊಂದು ಪ್ರತ್ಯೇಕ ಕೋಣೆ, ಕೋಣೆಗೆ ಎರಡು ಬೀಗ, ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕೆಂಬ ಕಟ್ಟಳೆ. ದೇವರ ಕೋಣೆಗೂ ಅಷ್ಟು ಮಡಿಯಿರಲಿಲ್ಲ. ಈಗಿನ ಪುಟ್ಟ ಕಂಪ್ಯೂಟರುಗಳಿಗೆ ಮೇಜಿನ ಒಂದು ಮೂಲೆ ಸಾಕು. 2024ರಲ್ಲಿ ಅಪೆಲ್ ಕಂಪನಿ ತಂದ ಮ್ಯಾಕ್ ಮಿನಿಯ ಉದ್ದ 12.7 ಸೆಂಟಿಮೀಟರ್, ಅಗಲವೂ ಅಷ್ಟೇ, ಎತ್ತರ 5 ಸೆಂಟಿಮೀಟರ್. ಮಗಳು ತಂದದ್ದು ಬೇರೆ ಕಂಪನಿಯದು, ಆದರೆ ಅದೇ ಜಾತಿಯದು. ಇಂಥ ಡಬ್ಬಿಯ ಜೊತೆಗೆ ಪರದೆ ಬರುವುದಿಲ್ಲ. ಬೆನ್ನಿನಲ್ಲಿ ನಾಲ್ಕಾರು ಕಿಂಡಿಗಳಿರುತ್ತವೆ. ಪರದೆಯನ್ನು ನಾವೇ ತಂದು ಜೋಡಿಸಿಕೊಳ್ಳಬೇಕು.

ಆ ಜೋಡಿಸುವ ಕೆಲಸ ಒಂದು ಭಾನುವಾರ ನಮ್ಮ ಮನೆಯ ನಡುಕೋಣೆಯಲ್ಲಿ ನಡೆಯಿತು. ನಾನು ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕುಳಿತಿದ್ದೆ. ಅಂದು ಕಂಡ ಒಂದೆರಡು ಸಂಗತಿಗಳು ನನ್ನ ಮನಸ್ಸನ್ನು ಹೊಕ್ಕು ಇನ್ನೂ ಹೊರಬಂದಿಲ್ಲ. ಅವನ್ನು ನಿಮ್ಮ ಮುಂದೆ ಇಡೋಣವೆನ್ನಿಸಿತು.

ಮಗಳ ಕೆಲಸ ಪುಸ್ತಕಗಳ ಪುಟ ಕಟ್ಟುವುದು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದವಳು ಇಲ್ಲಿಂದಲೇ ಆ ಕೆಲಸ ಮಾಡುತ್ತಿದ್ದಾಳೆ. ಒಂದು ಪರದೆಯಲ್ಲಿ ಲೇಖಕರ ಮೂಲ ಪ್ರತಿ, ಇನ್ನೊಂದರಲ್ಲಿ ತಾನು ಕಟ್ಟುವ ಪುಟ, ಮೂರನೆಯದರಲ್ಲಿ ಪ್ರಕಾಶಕರಿಂದ ಬರುವ ಪತ್ರಗಳು, ತಿದ್ದುಪಡಿಗಳು. ಹೀಗೆ ಮೂರೂ ಕಣ್ಣೆದುರಿಗಿದ್ದರೆ ಅನುಕೂಲ ಎಂಬುದು ಅವಳ ಲೆಕ್ಕಾಚಾರ. ಅದಕ್ಕಾಗಿ ಎರಡು ಹೊಸ ದೊಡ್ಡ ಪರದೆಗಳನ್ನು ಕೊಂಡಳು. ಮೂರನೆಯದು ಮನೆಯಲ್ಲೇ ಇದ್ದ ಹಳೆಯದು.

ಹೊಸ ಪರದೆಗಳನ್ನು ಫೋರ್‌ಕೆ ಎನ್ನುತ್ತಾರೆ. ಅಂದರೆ ಪರದೆಯ ಅಡ್ಡಕ್ಕೆ 3,840 ಚುಕ್ಕಿ, ಉದ್ದಕ್ಕೆ 2,160 ಸಾಲು. ನಮ್ಮ ರಂಗೋಲಿಯ ಲೆಕ್ಕವೇ ಎನ್ನಿ. ಗುಣಿಸಿದರೆ 82,94,400 ಚುಕ್ಕಿಗಳಾದವು. ಹಳೆಯ ಪರದೆಯಲ್ಲಿ ಇದ್ದದ್ದು 1,920ಕ್ಕೆ 1,080, ಅಂದರೆ ಇದರ ಕಾಲು ಭಾಗ. ಕನ್ನಡ ಪುಟ ಕಟ್ಟುವವರಿಗೆ ಈ ವ್ಯತ್ಯಾಸ ದೊಡ್ಡದು. ಸಣ್ಣ ಅಕ್ಷರದಲ್ಲಿ 'ದ'ಕಾರಕ್ಕೂ 'ಥ'ಕಾರಕ್ಕೂ ಇರುವ ಅಂತರ ಹೊಟ್ಟೆಯೊಳಗಿನ ಒಂದು ಬೊಟ್ಟು. ಒತ್ತಕ್ಷರಗಳ ಕೆಳಗೆ ಇನ್ನೊಂದು ಒತ್ತು ಬಂದರಂತೂ ಹಳೆಯ ಪರದೆಯಲ್ಲಿ ಎಲ್ಲವೂ ಕಲಸಿಹೋದ ಮುದ್ದೆ.

ಇಲ್ಲಿ ಮಗಳು ಒಂದು ಮಾತು ಹೇಳಿದಳು. ಅಷ್ಟು ಚುಕ್ಕಿಗಳು ಸಿಕ್ಕಾಗ ಅವನ್ನು ಎರಡು ರೀತಿ ಬಳಸಬಹುದಂತೆ. ಅಕ್ಷರಗಳನ್ನು ಇರುವೆಯಷ್ಟು ಚಿಕ್ಕದಾಗಿಟ್ಟು ಒಂದೇ ಪರದೆಯಲ್ಲಿ ನಾಲ್ಕು ಪಟ್ಟು ಸರಕು ತುಂಬಬಹುದು. ಇಲ್ಲವೇ ಅಕ್ಷರಗಳನ್ನು ಓದುವಷ್ಟು ದೊಡ್ಡದು ಮಾಡಿಕೊಂಡು, ಹೆಚ್ಚಿನ ಚುಕ್ಕಿಗಳನ್ನು ಸ್ಪಷ್ಟತೆಗೆ ಬಿಟ್ಟುಕೊಡಬಹುದು. ಅವಳು ಅಳತೆಯನ್ನು ನೂರರಿಂದ ನೂರೈವತ್ತಕ್ಕೆ ಏರಿಸಿದಳು. "ತುಂಬುವುದಕ್ಕಲ್ಲ ಅಮ್ಮಾ, ಕಾಣುವುದಕ್ಕೆ ತಂದಿದ್ದು" ಎಂದಳು. ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ಒಂದು ಗಳಿಗೆ ನಿಂತಿತು.

ಮೊದಲ ಪರದೆ ಸುಲಭವಾಗಿ ಹತ್ತಿಕೊಂಡಿತು. ಎಚ್‌ಡಿಎಂಐ ಎಂಬ ಕಿಂಡಿಗೆ ಕೇಬಲ್ ಚುಚ್ಚಿದ್ದೇ ತಡ, ಚಿತ್ರ ಬಂತು. ಎರಡನೆಯದಕ್ಕೆ ಅಂಥ ಕಿಂಡಿ ಉಳಿದಿರಲಿಲ್ಲ. ಯುಎಸ್‌ಬಿ-ಸಿ ಎಂಬ ಚಿಕ್ಕ ಕಿಂಡಿ ಇತ್ತು. ಪೇಟೆಯಲ್ಲಿ ಕೊಂಡ ಅಗ್ಗದ ಅಡಾಪ್ಟರ್ ಒಂದನ್ನು ನಡುವೆ ಹಾಕಿ ಜೋಡಿಸಿದಳು. ಚಿತ್ರವೇನೋ ಬಂತು. ಪುಟ ನಿಂತಿದ್ದಾಗ ಅದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಆದರೆ ಮೌಸಿನ ಬಾಣವನ್ನು ಅತ್ತಿತ್ತ ಓಡಿಸಿದರೆ ಅದು ಜಾರದೆ ಕುಂಟುತ್ತಿತ್ತು. ಪುಟ ಸರಿಸಿದರೆ ತೊದಲುತ್ತಿತ್ತು.

ಕಾರಣ ಕೇಳಿದೆ. ಪರದೆಯ ಮೇಲಿನ ಚಿತ್ರ ನಮಗೆ ನಿಂತಂತೆ ಕಂಡರೂ ಅದು ಸೆಕೆಂಡಿಗೆ 60 ಸಲ ಹೊಸದಾಗಿ ಬರುತ್ತಿರುತ್ತದಂತೆ. 82,94,400 ಚುಕ್ಕಿಗಳು, 60 ಸಲ. ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿ ನೋಡಿದೆ, 49,76,64,000 ಆಯಿತು. ಪ್ರತಿ ಚುಕ್ಕಿಯ ಬಣ್ಣ ಹೇಳಲು 24 ಬಿಟ್ ಬೇಕು. ಒಟ್ಟು ಸೆಕೆಂಡಿಗೆ ಸುಮಾರು 1,194 ಕೋಟಿ ಬಿಟ್. 2009ರ ಎಚ್‌ಡಿಎಂಐ 1.4 ನಿಯಮದ ದಾರಿಯಲ್ಲಿ ಹೋಗಬಹುದಾದದ್ದು ಹೆಚ್ಚೆಂದರೆ 1,020 ಕೋಟಿ. 2013ರ 2.0 ನಿಯಮದಲ್ಲಿ ಆ ದಾರಿ 1,800 ಕೋಟಿಗೆ ಅಗಲವಾಯಿತು. ನಮ್ಮ ಅಗ್ಗದ ಅಡಾಪ್ಟರ್ ಹಳೆಯ ನಿಯಮದ್ದು. ಅದು 60ರ ಬದಲು 30 ಸಲ ಮಾತ್ರ ಚಿತ್ರ ಕಳಿಸಿ ಸುಮ್ಮನಿತ್ತು. ಆಗುವುದಿಲ್ಲವೆಂದು ಹೇಳಲಿಲ್ಲ. ಅರ್ಧ ಕೊಟ್ಟು ಪೂರ್ತಿ ಕೊಟ್ಟಂತೆ ತೋರಿಸಿತು. ಮಗಳು ಅದನ್ನು ತೆಗೆದು, ಡಿಸ್‌ಪ್ಲೇ ಪೋರ್ಟ್ ಎಂಬ ಇನ್ನೊಂದು ಬಗೆಯ ಕೇಬಲ್ ತರಿಸಿ ಹಾಕಿದ ಮೇಲೆ ಬಾಣ ನೀರಿನಲ್ಲಿ ಮೀನಿನಂತೆ ಓಡಿತು.

ಮೂರನೆಯ ಪರದೆಯದು ಬೇರೆಯೇ ಕಥೆ. ಡಬ್ಬಿಯ ಮುಂಭಾಗದಲ್ಲಿ ಅದೇ ಆಕಾರದ ಇನ್ನೊಂದು ಯುಎಸ್‌ಬಿ-ಸಿ ಕಿಂಡಿ ಇತ್ತು. ಅದಕ್ಕೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಉಳಿಯಿತು. ಬಾಯಿ ಒಂದೇ ಆಕಾರದ್ದಾದರೂ ಆ ಕಿಂಡಿ ಕಡತಗಳನ್ನು ಸಾಗಿಸುತ್ತದೆಯೇ ಹೊರತು ಚಿತ್ರವನ್ನು ಹೊರುವುದಿಲ್ಲವಂತೆ. ಆಮೇಲೆ ಒಂದು ಕೇಬಲನ್ನು ಎರಡಾಗಿಸುವ ಪುಟ್ಟ ಪೆಟ್ಟಿಗೆ ತಂದು ನೋಡಿದಳು. ಮೂರೂ ಪರದೆ ಹೊತ್ತಿಕೊಂಡವು, ನನಗೆ ಖುಷಿಯಾಯಿತು. ಮಗಳು ಮಾತ್ರ ತಲೆ ಕೊಡವಿದಳು. ನೋಡಿದರೆ, ಮೊದಲ ಪರದೆಯಲ್ಲಿ ಏನಿತ್ತೋ ಮೂರನೆಯದರಲ್ಲಿಯೂ ಅದೇ. ಹಂಚಿದ್ದು ಹೊಸ ಚಿತ್ರವಲ್ಲ, ಒಂದೇ ಚಿತ್ರದ ನೆರಳು.

ಕೊನೆಗೆ ಅವಳು ಡಬ್ಬಿಯ ಜೊತೆ ಬಂದ ಪುಸ್ತಿಕೆ ತೆಗೆದು ಓದಿದಳು. ಮೊದಲೇ ಓದಬೇಕಿತ್ತು, ಇರಲಿ. ಏಕಕಾಲಕ್ಕೆ ಎರಡು ಪರದೆ ಎಂದು ಅದರಲ್ಲಿ ಬರೆದೇ ಇತ್ತು. ಕಿಂಡಿ ಎಷ್ಟಿದ್ದರೂ, ಒಳಗಿನ ಚಿಪ್ಪಿನಲ್ಲಿ ಚಿತ್ರಗಳನ್ನು ತಯಾರಿಸಿ ಕಳಿಸುವ ಭಾಗಗಳು ಇಷ್ಟೇ ಎಂದು ಎಣಿಸಿ ಇಟ್ಟಿರುತ್ತಾರೆ. 2020ರ ಮ್ಯಾಕ್ ಮಿನಿಗೂ ಎರಡೇ ಪರದೆಯ ಮಿತಿ. 2024ರದ್ದಕ್ಕೆ ಅದು ಮೂರಾಯಿತು. ಚಿತ್ರವನ್ನು ಹಿಂಡಿ ಕಿರಿದಾಗಿಸಿ ಕಡತದಂತೆ ಸಾಗಿಸುವ ಡಿಸ್‌ಪ್ಲೇಲಿಂಕ್ ಎಂಬ ಉಪಾಯವೂ ಇದೆಯಂತೆ, ಆದರೆ ಆ ಹಿಂಡುವ ಕೆಲಸದ ಭಾರ ಯಂತ್ರದ ಮಿದುಳಿನ ಮೇಲೆ ಬೀಳುತ್ತದೆ. ಮಗಳು ಅದರ ಗೋಜಿಗೆ ಹೋಗಲಿಲ್ಲ. ಅಟ್ಟದಲ್ಲಿದ್ದ ಹಳೆಯ ಲ್ಯಾಪ್‌ಟಾಪನ್ನು ಇಳಿಸಿ, ಧೂಳು ಒರೆಸಿ, ಮೂರನೆಯ ಪರದೆಯನ್ನು ಅದಕ್ಕೆ ಜೋಡಿಸಿದಳು. ಪತ್ರಗಳು ಅದರಲ್ಲಿ ಬರತೊಡಗಿದವು.

"ಇಷ್ಟು ಬೇಗ ದಾರಿ ಸಿಕ್ಕಿತಲ್ಲ" ಎಂದೆ.

"ಇದು ಬರುವುದೇ ಇಲ್ಲ ಅಂತ ಗೊತ್ತಾಯಿತಲ್ಲಮ್ಮಾ, ಅದಕ್ಕೇ ಬೇರೆ ದಾರಿ ಹುಡುಕಿದೆ. ಆ ಅಡಾಪ್ಟರ್ ಥರ ಅರ್ಧಂಬರ್ಧ ಬಂದಿದ್ದರೆ ಅದರಲ್ಲೇ ಒದ್ದಾಡುತ್ತಿದ್ದೆ" ಎಂದಳು.

ಅವಳು ಯಂತ್ರದ ಮಾತು ಹೇಳಿದ್ದಳು. ನನಗೆ ಒಂದು ಹುಡುಗಿಯ ನೆನಪಾಯಿತು.

ಎರಡು ವರ್ಷದ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗಿ. ತುಂಬ ಜಾಣೆಯಲ್ಲ, ದಡ್ಡಿಯೂ ಅಲ್ಲ. ಎರಡನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದವಳು. ದಸರಾ ರಜೆಗೆ ಎರಡು ದಿನ ಉಳಿದಿತ್ತು. ಶಾಲೆಯ ಜಗುಲಿಯಲ್ಲಿ ನನ್ನ ಬೆನ್ನ ಹಿಂದೆಯೇ ಬಂದು, "ಮಿಸ್, ನಿಮ್ಮ ಹತ್ರ ಒಂದು ಮಾತು" ಎಂದಳು. ನನ್ನ ಕೈಯಲ್ಲಿ ಮೊಬೈಲ್. ಬಿಸಿಯೂಟದ ಲೆಕ್ಕ ಈ ಕ್ಷಣ ಬೇಕೆಂದು ಸಂದೇಶ ಬಂದಿತ್ತು. ಅಂಕಗಳನ್ನು ಕಂಪ್ಯೂಟರಿಗೆ ಏರಿಸುವುದು ಬಾಕಿಯಿತ್ತು. ಆಚೆ ಇಬ್ಬರು ಹುಡುಗರು ಹೊಡೆದಾಡಿಕೊಂಡು ಒಬ್ಬನ ಹಣೆಯಲ್ಲಿ ರಕ್ತ ಬಂದಿತ್ತು. "ಹೂಂ, ಹೇಳಮ್ಮ" ಎಂದೆ, ಮೊಬೈಲಿನಿಂದ ತಲೆಯೆತ್ತದೆ.

"ರಜೆಯಲ್ಲಿ ಅಜ್ಜಿಯ ಊರಿಗೆ ಕರ್ಕೊಂಡು ಹೋಗ್ತಾರಂತೆ ಮಿಸ್."

"ಒಳ್ಳೆಯದಾಯಿತಲ್ಲ, ಹೋಗಿ ಬಾ" ಎಂದೆ. ನಕ್ಕೆನೆಂದೂ ಕಾಣುತ್ತದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಅದು ಈಗ ನೆನಪಿಗೆ ಬರುತ್ತದೆ. ಆಗ ಕಾಣಲಿಲ್ಲ. ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ವಾರ ಕಳೆದ ಮೇಲೆ ಅವಳ ಗೆಳತಿಯೊಬ್ಬಳು ಹೇಳಿದಳು, ಅಜ್ಜಿಯ ಊರಿನಲ್ಲಿ ಮದುವೆಯಾಯಿತಂತೆ. ಮುಖ್ಯೋಪಾಧ್ಯಾಯರೂ ನಾನೂ ಸೇರಿ ದೂರು ಕೊಟ್ಟೆವು. ಅಧಿಕಾರಿಗಳು ಹೋದರು, ಹಿರಿಯರನ್ನು ವಿಚಾರಿಸಿದರು. ಆದರೆ ತಾಳಿ ಕಟ್ಟಿ ಆಗಿತ್ತು. ಹುಡುಗಿ ನಮ್ಮ ಶಾಲೆಗೆ ಮತ್ತೆ ಬರಲಿಲ್ಲ. 2006ರ ಕಾಯ್ದೆಯ ಪ್ರಕಾರ ಹುಡುಗಿಗೆ 18 ತುಂಬದೆ ಮದುವೆ ಮಾಡುವಂತಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಇದನ್ನು ನಾನೇ ಪಾಠದಲ್ಲಿ ಹೇಳಿದ್ದೆ, ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಿದ್ದೆ. ಅಂದು ಜಗುಲಿಯಲ್ಲಿ "ಯಾಕೆ ಹೋಗುತ್ತಿದ್ದೀಯ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈ ಎರಡು ವರ್ಷ ನಾನು ನನಗೆ ಹೇಳಿಕೊಂಡು ಬಂದ ಸಮಾಧಾನ ಒಂದೇ. ಅಂದು ಅಷ್ಟೊಂದು ಕೆಲಸವಿತ್ತು, ನಾನು ಏನು ಮಾಡಲು ಸಾಧ್ಯವಿತ್ತು? ಮನುಷ್ಯರಿಗೂ ಮಿತಿ ಇದೆಯಲ್ಲ? ಮಾತು ಸುಳ್ಳಲ್ಲ. ಆದರೆ ಮಗಳ ಮಾತು ಕೇಳಿದ ಮೇಲೆ ನನ್ನ ತಪ್ಪು ಎಲ್ಲಿತ್ತೆಂಬುದು ಬೇರೆಯಾಗಿ ಕಂಡಿತು. ನನಗೆ ಮಿತಿ ಇದ್ದದ್ದು ತಪ್ಪಲ್ಲ. ಅದನ್ನು ನಾನು ಆ ಹುಡುಗಿಗೆ ಹೇಳಲಿಲ್ಲ. "ಈಗ ಆಗುವುದಿಲ್ಲ, ಪಕ್ಕದ ತರಗತಿಯ ಮಿಸ್ ಹತ್ರ ಹೋಗಿ ಹೇಳು" ಎಂದಿದ್ದರೆ ಅವಳು ಬಹುಶಃ ಹೋಗುತ್ತಿದ್ದಳು. ಕಪ್ಪು ಪರದೆಯ ಮುಂದೆ ಯಾರೂ ಕಾದು ಕೂರುವುದಿಲ್ಲ. ನಾನು "ಹೂಂ" ಎಂದದ್ದರಿಂದ ಅವಳು ತಾನು ಹೇಳಬೇಕಾದವರಿಗೆ ಹೇಳಿಯಾಯಿತು, ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ ಎಂದುಕೊಂಡು ಹೋದಳು. ಅರ್ಧ ಗಮನ ಕೊಡುವುದು ಏನೂ ಕೊಡದೆ ಇರುವುದಕ್ಕಿಂತ ಮೇಲು ಎಂದು ನಾವೆಲ್ಲ ನಂಬಿದ್ದೇವೆ. ಹಾಗಲ್ಲದೆಯೂ ಇರಬಹುದು. ಏನೂ ಇಲ್ಲವೆಂಬುದು ನಿಜ ಹೇಳುತ್ತದೆ. ಅರ್ಧ ಗಮನ ಪೂರ್ತಿಯ ವೇಷ ಹಾಕಿಕೊಂಡು ಬಂದಾಗ ಅದು ಸುಳ್ಳಿನ ಒಂದು ರೂಪವಾಗುತ್ತದೆ.

ನಮ್ಮ ದಿನನಿತ್ಯದ "ಹೂಂ" ಇದೆಯಲ್ಲ, ಅದನ್ನು ಒಮ್ಮೆ ಯೋಚಿಸಿ ನೋಡಿ. ಅತ್ತೆ ಮೊಣಕಾಲು ನೋವು ಹೇಳಿದರೆ ಹೂಂ. ಗಂಡ ಆಫೀಸಿನ ಸುದ್ದಿ ಹೇಳಿದರೆ ಹೂಂ. ಮಗ ಪರೀಕ್ಷೆಯ ಭಯ ಹೇಳಿದರೆ ಅದೇ ಹೂಂ. ಮಗಳು ತಂದ ಆ ಪುಟ್ಟ ಪೆಟ್ಟಿಗೆಯ ಹಾಗೆ ಒಂದನ್ನೇ ಎಲ್ಲರಿಗೂ ಹಂಚುತ್ತೇವೆ. ಎಲ್ಲ ಪರದೆಗಳೂ ಉರಿಯುತ್ತಿರುತ್ತವೆ, ಮನೆ ಬೆಳಗುತ್ತಿದೆ ಎನ್ನಿಸುತ್ತದೆ. ಆ ಅಗ್ಗದ ಅಡಾಪ್ಟರಿನ ಹಾಗೆಯೇ, ಮನೆಯಲ್ಲಿ ಏನೂ ಕದಲದೆ ನಿಂತಿರುವವರೆಗೆ ನಮ್ಮ ಅರ್ಧ ಗಮನದ ಬಣ್ಣ ಬಯಲಾಗುವುದಿಲ್ಲ. ಯಾರದಾದರೂ ಬದುಕಿನಲ್ಲಿ ಏನಾದರೂ ಚಲಿಸಿದಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ನೀವು ಕೇಳಬಹುದು, "ಆಗುವುದಿಲ್ಲ" ಎನ್ನುವ ಸ್ವಾತಂತ್ರ್ಯ ಹೆಂಗಸರಿಗೆ ಎಲ್ಲಿದೆ? ನಿಜವಾದ ಪ್ರಶ್ನೆ. ಕಂಪ್ಯೂಟರಿಗಾದರೆ ತಯಾರಿಸಿದವರೇ ಮಿತಿಯನ್ನು ಅಚ್ಚು ಹಾಕಿಸಿ ಕೊಡುತ್ತಾರೆ, ಅದರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಸೊಸೆಯ ಜೊತೆಗೆ ಅಂಥ ಪುಸ್ತಿಕೆ ಬರುವುದಿಲ್ಲ. ಕಿಂಡಿ ಕಂಡವರೆಲ್ಲ ಕೇಬಲ್ ಚುಚ್ಚುತ್ತಾರೆ. ಶಾಲೆಯಲ್ಲಿಯೂ ಅಷ್ಟೇ. ಪಾಠ ಹೇಳಲು ಬಂದವಳು ಊಟದ ಲೆಕ್ಕ, ಗಣತಿ, ಚುನಾವಣೆ ಎಲ್ಲವನ್ನೂ ಹೊರಬೇಕು. ಆಗುವುದಿಲ್ಲವೆಂದರೆ ಸೋಮಾರಿ ಎನ್ನುತ್ತಾರೆ. ಹೀಗಾಗಿ "ಹೂಂ" ಎಂಬುದು ನಮ್ಮ ಕಪಟವಲ್ಲ, ನಮ್ಮ ಗುರಾಣಿ. ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ಗುರಾಣಿ ಬಲಿಷ್ಠರ ಎದುರಿಗೆ ಹಿಡಿಯಲೆಂದು ಮಾಡಿಕೊಂಡದ್ದು. ಹದಿನಾಲ್ಕು ವರ್ಷದ ಹುಡುಗಿಯ ಎದುರಿಗೂ ನಾನು ಅದನ್ನೇ ಹಿಡಿದೆನಲ್ಲ? ಮೊಬೈಲಿನಲ್ಲಿ ಲೆಕ್ಕ ಕೇಳಿದವರಿಗೆ "ಹತ್ತು ನಿಮಿಷ ತಾಳಿ" ಎನ್ನಲು ಹೆದರಿದೆ. ನನ್ನನ್ನು ಏನೂ ಮಾಡಲಾರದ ಮಗುವನ್ನು ಕಾಯಿಸಿದೆ. ಗಮನ ಕಡಿಮೆಯಿದ್ದಾಗ ಅದು ಯಾರ ಪಾಲಿಗೆ ಹೋಯಿತು ಎಂಬುದರಲ್ಲಿಯೇ ನಮ್ಮ ನೀತಿ ಇದೆ.

ಹೆಂಗಸರನ್ನು ಹೊಗಳುವಾಗ ಅಷ್ಟಾವಧಾನಿ ಎನ್ನುವುದು ನಮ್ಮಲ್ಲಿ ರೂಢಿ. ಒಂದು ಕೈಯಲ್ಲಿ ಒಗ್ಗರಣೆ, ಒಂದು ಕೈಯಲ್ಲಿ ಮಗು, ಕಿವಿಯಲ್ಲಿ ಫೋನು. ಹೊಗಳಿಸಿಕೊಂಡು ನಾವೂ ಹಿಗ್ಗುತ್ತೇವೆ. ಶತಾವಧಾನಿ ಆರ್. ಗಣೇಶ್ ಅವರಿಂದ ಕನ್ನಡದಲ್ಲಿ ಮರುಜೀವ ಪಡೆದ ಆ ಕಲೆಯನ್ನು ಒಮ್ಮೆ ಕುಳಿತು ನೋಡಿದರೆ ಈ ಹೊಗಳಿಕೆ ಎಷ್ಟು ತಪ್ಪೆಂಬುದು ತಿಳಿಯುತ್ತದೆ. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು. ಒಬ್ಬರು ಸಮಸ್ಯೆ ಒಡ್ಡುತ್ತಾರೆ, ಒಬ್ಬರು ಪದಗಳನ್ನು ಕೊಡುತ್ತಾರೆ, ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ. ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ನಡುನಡುವೆ ಬಾಯಿ ಹಾಕಿ ಗಮನ ಕೆಡಿಸುವುದೇ. ಆದರೆ ಅವಧಾನಿ ಎಂಟೂ ಜನರಿಗೆ ಒಟ್ಟಿಗೆ ಉತ್ತರ ಹೇಳುವುದಿಲ್ಲ. ಒಬ್ಬೊಬ್ಬರ ಕಡೆಗೂ ತಿರುಗಿ, ಅವರ ಪಾಲಿನ ಒಂದು ಸಾಲು ಹೇಳಿ, ಮುಂದಿನವರ ಕಡೆಗೆ ಹೋಗುತ್ತಾರೆ. ಸುತ್ತು ಮುಗಿದು ಮತ್ತೆ ಬಂದಾಗ ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಅವಧಾನವೆಂದರೆ ಎಂಟು ಭಾಗವಾದ ಮನಸ್ಸಲ್ಲ. ಎಂಟು ಸಲ ಪೂರ್ತಿಯಾಗಿ ಕೊಟ್ಟ ಮನಸ್ಸು, ಮತ್ತು ಮರಳಿ ಬರುತ್ತೇನೆಂಬ ಮಾತನ್ನು ಉಳಿಸಿಕೊಳ್ಳುವ ನೆನಪು.

ದೇಹವೂ ಅದನ್ನೇ ಹೇಳುತ್ತದೆ. ಮಗಳ ಮೇಜಿನ ಮೇಲೆ ಮೂರು ಪರದೆಗಳಿದ್ದರೂ ಅವಳ ಕಣ್ಣಿನಲ್ಲಿ ಅಕ್ಷರ ಓದುವಷ್ಟು ಸ್ಪಷ್ಟವಾಗಿ ಕಾಣುವ ಭಾಗ ತೀರ ಚಿಕ್ಕದು. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನ ಆಸುಪಾಸಿನಷ್ಟು. ಉಳಿದದ್ದೆಲ್ಲ ಅಂಚಿನ ಮಸುಕು. ಪರದೆ ಹೆಚ್ಚಿಸಬಹುದು, ಚುಕ್ಕಿ ಹೆಚ್ಚಿಸಬಹುದು, ಆ ಉಗುರಿನಗಲವನ್ನು ಹೆಚ್ಚಿಸಲಾಗದು. ಅದನ್ನು ಎತ್ತ ತಿರುಗಿಸುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಆದರೂ ಯಂತ್ರದಿಂದ ಕಲಿತ ಪಾಠವನ್ನು ಹಾಗೆಯೇ ಮನುಷ್ಯರಿಗೆ ಹಚ್ಚಲು ನನ್ನ ಮನಸ್ಸು ಒಪ್ಪಲಿಲ್ಲ. ಕತ್ತಲಾಗಿ ಉಳಿದದ್ದು ಪರದೆಯಾದರೆ ಅದಕ್ಕೆ ನೋವಿಲ್ಲ. ನಮ್ಮೆದುರು ನಿಂತಿರುವುದು ಜೀವ. "ಆಗುವುದಿಲ್ಲ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರೆ ಅದು ಪ್ರಾಮಾಣಿಕತೆಯಲ್ಲ, ಒರಟುತನ. ಆದ್ದರಿಂದ ನಮ್ಮ ಇಲ್ಲದ ಜೊತೆಗೆ ಇನ್ನೊಂದು ಮಾತು ಸೇರಲೇಬೇಕು. ಯಾವಾಗ ಆಗುತ್ತದೆ, ಇಲ್ಲವೇ ಯಾರ ಹತ್ತಿರ ಹೋಗಬೇಕು. ಆ ಎರಡರಲ್ಲಿ ಒಂದನ್ನು ಹೇಳಿದ "ಇಲ್ಲ" ನೂರು "ಹೂಂ"ಗಿಂತ ದೊಡ್ಡದೆಂದು ಈಗ ನನಗೆ ಅನ್ನಿಸುತ್ತದೆ.

ಹೋದ ತಿಂಗಳು ಎಂಟನೆಯ ತರಗತಿಯ ಹುಡುಗನೊಬ್ಬ ಅದೇ ಜಗುಲಿಯಲ್ಲಿ ನನ್ನನ್ನು ತಡೆದ. ಕೈಯಲ್ಲಿ ಮತ್ತೆ ಮೊಬೈಲ್, ಮತ್ತೆ ಯಾವುದೋ ಲೆಕ್ಕ. "ಈಗ ಕೇಳಲು ಆಗುವುದಿಲ್ಲ ಮಗು. ನಾಲ್ಕು ಗಂಟೆಗೆ ಬಾ, ಕಾಯುತ್ತಿರುತ್ತೇನೆ. ಅಲ್ಲಿಯವರೆಗೆ ತಡೆಯಲಾಗದ ಮಾತಾದರೆ ಈಗಲೇ ಹೇಳು, ಇದನ್ನು ಬದಿಗಿಡುತ್ತೇನೆ" ಎಂದೆ. ಅವನು ಸ್ವಲ್ಪ ಯೋಚಿಸಿ, "ತಡೀಬಹುದು ಮಿಸ್" ಎಂದ. ನಾಲ್ಕು ಗಂಟೆಗೆ ಮೊಬೈಲನ್ನು ಚೀಲದೊಳಗೆ ಹಾಕಿ ಕುಳಿತೆ. ಬಂದ. ಬೋರ್ಡು ಸರಿಯಾಗಿ ಕಾಣುವುದಿಲ್ಲವಂತೆ, ಮುಂದಿನ ಬೆಂಚಿಗೆ ಹಾಕಬೇಕಂತೆ. ಎರಡು ನಿಮಿಷದ ಮಾತು. ಬೆಂಚು ಬದಲಿಸಿದೆ, ಕಣ್ಣು ತೋರಿಸಲು ಅವನ ತಾಯಿಗೆ ಚೀಟಿ ಬರೆದುಕೊಟ್ಟೆ.

ಅವನು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ. ಜಗುಲಿ ಖಾಲಿಯಾಗಿತ್ತು. ಆ ಹುಡುಗಿಯ ಮಾತೂ ಎರಡು ನಿಮಿಷದ್ದೇ ಇದ್ದಿರಬೇಕು.